ಪಕ್ಕದ ಕುಂಚದವರ ಮಾತು

ಮನೆಯ ಮಗಳೋ ಸೊಸೆಯೋ ತೈಲವರ್ಣದಲ್ಲಿ ಒಂದು ಚಿತ್ರ ಬರೆದು ಪಡಸಾಲೆಯಲ್ಲಿ ತಂದು ನಿಲ್ಲಿಸಿದರೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಮಾತು ಕೇಳಿಬರುತ್ತವೆ. "ಎಷ್ಟು ಚಂದ ಬಂದಿದೆ! ದೇವರಮನೆಯ ಎದುರು ತೂಗುಹಾಕೋಣ" ಎಂಬುದು ಒಂದು. "ಬಣ್ಣಕ್ಕೆ, ಬಟ್ಟೆಗೆ, ಚೌಕಟ್ಟಿಗೆ ಎಷ್ಟು ಖರ್ಚಾಯಿತು? ಇದರಿಂದ ಬರುವುದೇನು?" ಎಂಬುದು ಇನ್ನೊಂದು. ಮೊದಲನೆಯದು ಪ್ರೀತಿಯ ಮಾತು, ಎರಡನೆಯದು ವ್ಯವಹಾರದ ಮಾತು. ವ್ಯಾಪಾರಸ್ಥರ ಮನೆಯಲ್ಲಿ ಎರಡೂ ಸಹಜವೇ. ಆದರೆ ಬರೆದವಳಿಗೆ ಮುಂದಿನ ಚಿತ್ರಕ್ಕೆ ಬೇಕಾದ ಬುತ್ತಿ ಎರಡರಲ್ಲೂ ಇಲ್ಲ. ಹೊಗಳಿಕೆ ಕೇಳಿದವಳು ಹತ್ತು ವರ್ಷ ಅದೇ ಚಿತ್ರವನ್ನೇ ಮತ್ತೆ ಮತ್ತೆ ಬರೆಯುತ್ತಾಳೆ. ಖರ್ಚಿನ ಮಾತು ಕೇಳಿದವಳು ಬಣ್ಣದ ಡಬ್ಬಿಯನ್ನು ಅಟ್ಟದ ಮೇಲೆ ಇಡುತ್ತಾಳೆ. ಎರಡರಲ್ಲಿಯೂ ಒಂದು ವಿದ್ಯೆ ನಿಂತುಹೋಯಿತು.

ಹಾಗಾದರೆ ಕಲಿಯುವವರಿಗೆ ದಾರಿ ತೋರಿಸುವವರು ಯಾರು? ಅದೇ ಬಣ್ಣ ಮೆತ್ತಿಕೊಂಡ ಇನ್ನೊಬ್ಬರು. ದೊಡ್ಡ ಕಲಾವಿದರೇ ಆಗಬೇಕೆಂದಿಲ್ಲ, ಜೊತೆಗೆ ಕಲಿಯುತ್ತಿರುವವರಾದರೂ ಸಾಕು. ಈ ಸಲ ಆ ವಿಷಯ.

ನಮ್ಮ ಹಿರಿಯರಿಗೆ ಇದು ಹೊಸ ಮಾತಲ್ಲ. ರೋಜಕಿರ್ದಿ ಬರೆದವನೇ ಮೂರು ಸಲ ಕೂಡಿದರೂ ಲೆಕ್ಕ ಹೊಂದದೆ ಇರುವುದುಂಟು. ತಪ್ಪು ಬರೆದ ಕಣ್ಣೇ ಮತ್ತೆ ಓದಿದರೆ ತಪ್ಪನ್ನೇ ಸರಿಯೆಂದು ಓದುತ್ತದೆ. ಒಬ್ಬ ಓದುತ್ತ ಹೋಗಬೇಕು, ಇನ್ನೊಬ್ಬ ತಾಳೆ ನೋಡುತ್ತ ಬರಬೇಕು. ಚಿತ್ರದಲ್ಲಿಯೂ ಹೀಗೆಯೇ. ಮೂರು ತಾಸು ಒಂದೇ ಮುಖವನ್ನು ತಿದ್ದುತ್ತ ಕೂತವರಿಗೆ ಒಂದು ಕಣ್ಣು ಮೇಲೆ, ಒಂದು ಕಣ್ಣು ಕೆಳಗೆ ಆಗಿರುವುದು ಕಾಣಿಸುವುದಿಲ್ಲ. ಈಗ ಬಾಗಿಲಲ್ಲಿ ಬಂದು ನಿಂತವರಿಗೆ ತಟ್ಟನೆ ಕಾಣುತ್ತದೆ. ಇಟಲಿಯ ಲಿಯೊನಾರ್ಡೊ ದ ವಿಂಚಿ ಐದು ಶತಮಾನಗಳ ಹಿಂದೆಯೇ ಚಿತ್ರಕಾರರಿಗೆ ಈ ಬಗ್ಗೆ ಎರಡು ಉಪಾಯ ಬರೆದಿಟ್ಟಿದ್ದಾನೆ. ಬರೆಯುತ್ತಿರುವ ಚಿತ್ರವನ್ನು ಕನ್ನಡಿಯಲ್ಲಿ ನೋಡಿಕೊಳ್ಳುವುದು ಒಂದು; ಕೆಲಸ ನಡೆದಿರುವಾಗಲೇ ಇತರರ ಅಭಿಪ್ರಾಯವನ್ನು ತಾಳ್ಮೆಯಿಂದ ಕೇಳುವುದು ಇನ್ನೊಂದು.

ಈ ಕೇಳುವಿಕೆಗೆ ತೈಲವರ್ಣ ವಿಶೇಷವಾಗಿ ಒದಗಿಬರುತ್ತದೆ. ಜಲವರ್ಣದಲ್ಲಿ ಒಮ್ಮೆ ತಪ್ಪಿದ್ದನ್ನು ತಿದ್ದುವುದು ಕಷ್ಟ. ತೈಲವರ್ಣದ ಬಣ್ಣವನ್ನು ಸಾಮಾನ್ಯವಾಗಿ ಅಗಸೆ ಎಣ್ಣೆಯಲ್ಲಿ ಅರೆದಿರುತ್ತಾರೆ. ಎಣ್ಣೆಯ ವ್ಯಾಪಾರ ಬಲ್ಲವರಿಗೆ ಗೊತ್ತು, ಅಗಸೆ ಎಣ್ಣೆಯನ್ನು ಬಾಯಿ ತೆರೆದಿಟ್ಟರೆ ಮೇಲೆ ಕೆನೆ ಕಟ್ಟುತ್ತದೆ. ನೀರಿನ ಹಾಗೆ ಅದು ಆರಿಹೋಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಅಂಬರ್‌ನಂಥ ಮಣ್ಣುಬಣ್ಣ ತೆಳುವಾಗಿದ್ದರೆ ಒಂದೆರಡು ದಿನಕ್ಕೆ ಕೈಗೆ ಅಂಟದಂತಾಗುತ್ತದೆ. ಟೈಟಾನಿಯಂ ಬಿಳಿಗೆ ಇನ್ನೂ ಹೆಚ್ಚು ದಿನ ಬೇಕು, ದಪ್ಪ ಲೇಪಕ್ಕೆ ವಾರಗಳೇ ಬೇಕು. ಆದ್ದರಿಂದ ರವಿವಾರ ಗೆಳತಿ ಹೇಳಿದ ಮಾತನ್ನು ಸೋಮವಾರ ಅದೇ ಚಿತ್ರದಲ್ಲಿ ತಿದ್ದಬಹುದು. ಹಸಿಯಿದ್ದರೆ ಅಲಗಿನಿಂದ ಕೆರೆದು ತೆಗೆಯಬಹುದು, ಒಣಗಿದ್ದರೆ ಮೇಲೆ ಮತ್ತೆ ಬರೆಯಬಹುದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಮ್ಮ ಮನೆಗಳಲ್ಲಿ ಚಿತ್ರ ಕಲಿಯುವವರು ಬೇಗನೆ ಕೈಹಾಕುವ ವಿಷಯವೆಂದರೆ ಶ್ರವಣಬೆಳಗೊಳದ ಬಾಹುಬಲಿ ಸ್ವಾಮಿ. ಹುಡುಗಿಯೊಬ್ಬಳು ಎರಡು ಫೋಟೋ ಮುಂದಿಟ್ಟುಕೊಂಡು ಆ ಮೂರ್ತಿಯನ್ನು ಬರೆದಿದ್ದಾಳೆ ಎನ್ನಿ. ಮನೆಯವರೆಲ್ಲ ಕೈಮುಗಿಯುತ್ತಾರೆ. ಭಗವಂತನ ಚಿತ್ರದಲ್ಲಿ ಕೊರತೆ ಎಣಿಸುವುದು ಅವಿನಯವೆಂದು ಹಿರಿಯರು ಸುಮ್ಮನಾಗುತ್ತಾರೆ. ಆದರೆ ಜೊತೆಯಲ್ಲಿ ಚಿತ್ರ ಕಲಿಯುವ ಗೆಳತಿ ಬಂದು ನೋಡುತ್ತಾಳೆ. "ಮುಖದ ನೆರಳು ಬಲಕ್ಕಿದೆ, ಕಾಲಿನ ನೆರಳು ಎಡಕ್ಕಿದೆ. ಬೆಳಕು ಯಾವ ಕಡೆಯಿಂದ ಬರುತ್ತಿದೆ?" ಎಂದು ಕೇಳುತ್ತಾಳೆ. ಆಗ ಗೊತ್ತಾಗುತ್ತದೆ, ಒಂದು ಫೋಟೋ ಮುಂಜಾನೆಯದು, ಇನ್ನೊಂದು ಸಂಜೆಯದು. ಮೂರ್ತಿ ಉತ್ತರಾಭಿಮುಖವಾಗಿದೆ. ಎದುರು ನಿಂತು ನೋಡುವವರಿಗೆ ಮುಂಜಾನೆಯ ಬಿಸಿಲು ಎಡಗಡೆಯಿಂದ, ಸಂಜೆಯ ಬಿಸಿಲು ಬಲಗಡೆಯಿಂದ ಬರಬೇಕು. ಗೆಳತಿ ಇನ್ನೊಂದು ಮಾತು ಹೇಳುತ್ತಾಳೆ: "ಕಲ್ಲೆಂದು ಬರೀ ಕಪ್ಪು-ಬಿಳಿ ಬೆರೆಸಿದ್ದೀಯ, ಅದಕ್ಕೇ ಸಿಮೆಂಟಿನಂತೆ ಕಾಣುತ್ತದೆ. ಬಿಸಿಲು ಬಿದ್ದ ಕಲ್ಲಿನಲ್ಲಿ ತುಸು ಹಳದಿ-ಕೆಂಪು ಇರುತ್ತದೆ, ನೆರಳಿನ ಕಡೆ ಆಕಾಶದ ನೀಲಿ ಸೇರುತ್ತದೆ."

ಈ ಎರಡು ಮಾತಿನಲ್ಲಿ ಭಗವಂತನಿಗೆ ಅವಿನಯ ಎಲ್ಲಿಯೂ ಆಗಲಿಲ್ಲ. ಎರಡನ್ನೂ ಕೇಳಿ ತಿದ್ದಿದ ಚಿತ್ರದ ಮುಂದೆ ಮನೆಯವರು ಇನ್ನಷ್ಟು ಹೊತ್ತು ನಿಲ್ಲುತ್ತಾರೆ.

ಹೀಗೆ ಒಬ್ಬರ ಪಕ್ಕ ಒಬ್ಬರು ಕೂತು ಕಲಿತವರ ಕಥೆ ಬೇಕೆಂದರೆ ಫ್ರಾನ್ಸಿಗೆ ಹೋಗಬೇಕು. ಕಥೆಯ ಇಬ್ಬರೂ ವ್ಯಾಪಾರಸ್ಥರ ಮಕ್ಕಳು ಎಂಬುದು ನಮ್ಮ ಓದುಗರಿಗೆ ಹಿಡಿಸಬಹುದು. ಕಮೀಯ್ ಪಿಸಾರೊ ೧೮೩೦ರಲ್ಲಿ ಕೆರಿಬಿಯನ್ ಸಮುದ್ರದ ಸೇಂಟ್ ಥಾಮಸ್ ದ್ವೀಪದಲ್ಲಿ ಹುಟ್ಟಿದವನು. ತಂದೆಯದು ಅಂಗಡಿ ವ್ಯಾಪಾರ. ಮಗನೂ ಕೆಲವು ವರ್ಷ ಅಲ್ಲಿಯೇ ಗುಮಾಸ್ತಿಕೆ ಮಾಡಿದ. ಬಿಡುವಿದ್ದಾಗ ಬಂದರದಲ್ಲಿ ಕೂತು ಚಿತ್ರ ಬರೆಯುತ್ತಿದ್ದ. ೧೮೫೫ರಲ್ಲಿ ಪ್ಯಾರಿಸ್ಸಿಗೆ ಬಂದ. ಇನ್ನೊಬ್ಬನು ಪಾಲ್ ಸೆಜಾನ್, ೧೮೩೯ರಲ್ಲಿ ಹುಟ್ಟಿದವನು. ಅವನ ತಂದೆ ಟೋಪಿ ವ್ಯಾಪಾರದಿಂದ ಮೇಲೆ ಬಂದು ಬ್ಯಾಂಕು ನಡೆಸಿದವನು. ಮಗ ವಕೀಲನಾಗಲಿ ಎಂದು ಆಸೆಪಟ್ಟ, ಸ್ವಲ್ಪ ದಿನ ಬ್ಯಾಂಕಿನ ಗಾದಿಯ ಮೇಲೂ ಕೂರಿಸಿ ನೋಡಿದ. ಮಗನ ಮನಸ್ಸು ಅಲ್ಲಿ ನಿಲ್ಲಲಿಲ್ಲ.

ಸೆಜಾನನ ಮೊದಲಿನ ಚಿತ್ರಗಳು ಕಪ್ಪಾಗಿ, ಅಲಗಿನಿಂದ ಬಣ್ಣ ಮೆತ್ತಿದಂತೆ ದಪ್ಪನಾಗಿ ಇರುತ್ತಿದ್ದವು. ಸ್ವಭಾವವೂ ಒರಟು, ಯಾರ ಮಾತನ್ನೂ ಸುಲಭವಾಗಿ ಕೇಳುವವನಲ್ಲ. ೧೮೭೨ರಲ್ಲಿ ಅವನು ಪ್ಯಾರಿಸ್ಸಿನ ಹೊರಗಿನ ಪೊಂತ್ವಾಜ್ ಎಂಬ ಊರಿಗೆ, ಪಿಸಾರೊ ಇದ್ದಲ್ಲಿಗೆ ಬಂದ. ಮುಂದೆ ಹತ್ತಿರದ ಓವೆರ್ ಹಳ್ಳಿಯಲ್ಲಿ ೧೮೭೪ರವರೆಗೆ ಇದ್ದ. ಇಬ್ಬರೂ ಒಂದೇ ಬಯಲಿನಲ್ಲಿ ಚಿತ್ರಪೀಠ ಇಟ್ಟುಕೊಂಡು ಒಂದೇ ಬೀದಿ, ಒಂದೇ ಗುಡ್ಡ ಬರೆಯುತ್ತಿದ್ದರು. ಪಿಸಾರೊ ಬರೆದ ಲೂವ್‌ಸಿಯೆನ್ ಊರಿನ ಒಂದು ಚಿತ್ರವನ್ನು ಸೆಜಾನ್ ಕಡ ತಂದು ಹಾಗೆಯೇ ನಕಲು ಮಾಡಿದ. ಇನ್ನೊಬ್ಬನ ಕಣ್ಣು ಹೇಗೆ ನೋಡುತ್ತದೆ ಎಂದು ತನ್ನ ಕೈಯಿಂದಲೇ ತಿಳಿದುಕೊಳ್ಳುವ ರೀತಿ ಅದು. ಕಪ್ಪನ್ನು ದೂರವಿಟ್ಟು ಮೂರು ಮೂಲ ಬಣ್ಣ ಮತ್ತು ಅವುಗಳಿಂದ ನೇರವಾಗಿ ಹುಟ್ಟುವ ಬಣ್ಣಗಳಿಂದಲೇ ಬರೆಯಬೇಕು ಎಂಬುದು ಪಿಸಾರೊ ಅವನಿಗೆ ಕೊಟ್ಟ ಸಲಹೆ ಎಂದು ಹೇಳುತ್ತಾರೆ. ಆ ಎರಡು ವರ್ಷಗಳಲ್ಲಿ ಸೆಜಾನನ ಬಣ್ಣದ ಹಲಗೆ ತಿಳಿಯಾಯಿತು, ಅವಸರ ಕಡಿಮೆಯಾಯಿತು.

ಪಿಸಾರೊ ಒಂಬತ್ತು ವರ್ಷ ಹಿರಿಯ. ಆದರೂ ಕಲಿಕೆ ಒಂದೇ ಕಡೆಗೆ ಹರಿಯಲಿಲ್ಲ. ೧೮೭೫ರ ಸುಮಾರಿನಲ್ಲಿ ಪಿಸಾರೊ ಅಲಗಿನಿಂದ ಬರೆದ ಭೂದೃಶ್ಯಗಳಿವೆ. ಅದು ಕಿರಿಯವನ ಹಳೆಯ ರೀತಿ. ೧೮೭೭ರಲ್ಲಿ ಮತ್ತೆ ಇಬ್ಬರೂ ಪೊಂತ್ವಾಜಿನ ಒಂದೇ ಇಳಿಜಾರಿನ ತೋಟವನ್ನು ಬರೆದರು. ತೋಟ ಒಂದೇ ಆದರೂ ಎರಡು ಚಿತ್ರ ಒಂದೇ ಆಗಲಿಲ್ಲ. ಸಲಹೆ ಕೇಳಿದರೆ ತನ್ನತನ ಹೋದೀತು ಎಂದು ಹೆದರುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಇದೇ ಪಿಸಾರೊನ ಬಳಿಗೆ ಷೇರು ದಲಾಲಿ ಮಾಡುತ್ತಿದ್ದ ಪಾಲ್ ಗೊಗ್ಯಾಂ ಕೂಡ ರಜೆಯ ದಿನಗಳಲ್ಲಿ ಬರುತ್ತಿದ್ದ. ೧೮೭೦ರ ದಶಕದ ಕೊನೆಯಲ್ಲಿ ಅವನ ಜೊತೆ ಕೂತು ಬರೆದೇ ಅವನು ಕಲಿತ. ೧೮೮೨ರ ಷೇರುಪೇಟೆಯ ಕುಸಿತದ ನಂತರ ದಲಾಲಿ ಬಿಟ್ಟು ಪೂರ್ತಿ ಚಿತ್ರಕ್ಕೇ ಇಳಿದ. ಹೆಂಡತಿ ಮತ್ತು ಐವರು ಮಕ್ಕಳು ಬಹಳ ಕಷ್ಟಪಟ್ಟರು. ನಾವು ಅವನ ಮೊದಲ ಭಾಗವನ್ನಷ್ಟೇ ಇಟ್ಟುಕೊಳ್ಳಬಹುದು: ವಾರವೆಲ್ಲ ವ್ಯವಹಾರ, ರವಿವಾರ ಬಲ್ಲವರ ಪಕ್ಕದಲ್ಲಿ ಕುಂಚ. ಕಲಿಯುವುದಕ್ಕೆ ಅಂಗಡಿಯ ಬಾಗಿಲು ಹಾಕಬೇಕಾಗಿಲ್ಲ.

ಒಂದೇ ಮಾತು ನಮ್ಮ ದೇಶದ ಒಬ್ಬ ಕಲಾವಿದರ ದಾರಿಯನ್ನೂ ತಿರುಗಿಸಿತು. ಎಸ್. ಎಚ್. ರಝಾ ಅವರು ೧೯೪೮ರಲ್ಲಿ ಕಾಶ್ಮೀರದಲ್ಲಿ ಚಿತ್ರ ಬರೆಯುತ್ತಿದ್ದಾಗ ಫ್ರಾನ್ಸಿನ ಛಾಯಾಚಿತ್ರಕಾರ ಆನ್ರಿ ಕಾರ್ಟಿಯೆ ಬ್ರೆಸಾಂ ಅವರ ಭೇಟಿಯಾಯಿತು. ಚಿತ್ರಗಳಲ್ಲಿ ಪ್ರತಿಭೆ ಇದೆ, ಆದರೆ ಕಟ್ಟಡ ಗಟ್ಟಿಯಾಗಿಲ್ಲ, ಸೆಜಾನನ ಚಿತ್ರಗಳನ್ನು ಅಭ್ಯಾಸ ಮಾಡಿ ಎಂಬರ್ಥದ ಮಾತನ್ನು ಅವರು ಹೇಳಿದರು. ರಝಾ ಮುನಿಸಿಕೊಳ್ಳಲಿಲ್ಲ. ಮುಂಬಯಿಯಲ್ಲಿ ಫ್ರೆಂಚ್ ಭಾಷೆ ಕಲಿತು, ವಿದ್ಯಾರ್ಥಿವೇತನ ಪಡೆದು, ೧೯೫೦ರಲ್ಲಿ ಪ್ಯಾರಿಸ್ಸಿಗೆ ಹೋದರು. ೧೯೫೬ರಲ್ಲಿ ಅಲ್ಲಿಯ ವಿಮರ್ಶಕರ ಪ್ರಶಸ್ತಿ ಅವರಿಗೆ ಬಂತು. ಪಿಸಾರೊ ಸೆಜಾನನಿಗೆ ಹೇಳಿದ್ದು ಎಷ್ಟು ದೂರ ನಡೆದು ಬಂತು ನೋಡಿ.

ಹೇಳುವವರಿಗೂ ಒಂದು ಮಾತಿದೆ. ವ್ಯಾನ್ ಗೋ ಹೆಸರನ್ನು ಬಹಳ ಜನ ಕೇಳಿರುತ್ತಾರೆ. ಆಂತೋನ್ ವಾನ್ ರಾಪಾರ್ಡ್ ಎಂಬ ಚಿತ್ರಕಾರ ಅವನ ಐದು ವರ್ಷದ ಗೆಳೆಯ. ೧೮೮೫ರಲ್ಲಿ ವ್ಯಾನ್ ಗೋ 'ಆಲೂಗಡ್ಡೆ ತಿನ್ನುವವರು' ಚಿತ್ರದ ಕಲ್ಲಚ್ಚು ಪ್ರತಿಯೊಂದನ್ನು ಗೆಳೆಯನಿಗೆ ಕಳಿಸಿದ. ಗೆಳೆಯ ಆಕೃತಿಗಳಲ್ಲಿ ತಪ್ಪು ತೋರಿಸಿದ. ಅಷ್ಟಕ್ಕೇ ನಿಲ್ಲದೆ, ಇಂಥ ಕೆಲಸ ಮಾಡುವವನು ದೊಡ್ಡ ಕಲಾವಿದರ ಹೆಸರನ್ನು ಹೇಗೆ ಎತ್ತುತ್ತಾನೆ ಎಂದು ಹೀಗಳೆದ. ವ್ಯಾನ್ ಗೋ ಆ ಪತ್ರವನ್ನೇ ಮರಳಿ ಕಳಿಸಿಬಿಟ್ಟ. ಮತ್ತೆ ಕೆಲವು ಪತ್ರಗಳು ಓಡಾಡಿದರೂ ಸ್ನೇಹ ಉಳಿಯಲಿಲ್ಲ. ಆಕೃತಿಗಳ ಬಗ್ಗೆ ಹೇಳಿದ್ದರಲ್ಲಿ ಸತ್ಯಾಂಶ ಇದ್ದಿರಬಹುದು. ಆದರೆ ಚಿತ್ರವನ್ನು ಬಿಟ್ಟು ಮನುಷ್ಯನನ್ನು ತೂಗಿದ ಕೂಡಲೇ ಆ ಸತ್ಯ ಯಾರಿಗೂ ಉಪಯೋಗಕ್ಕೆ ಬಾರದಂತಾಯಿತು.

ಇಲ್ಲಿ ನಮ್ಮ ಆಚಾರ್ಯರ ಮಾತು ನೆನಪಾಗುತ್ತದೆ. ಸಮ್ಯಗ್ದರ್ಶನದ ಎಂಟು ಅಂಗಗಳನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿವರಿಸಿದ್ದಾರೆ. ಅವುಗಳಲ್ಲಿ ಉಪಗೂಹನ ಮತ್ತು ಸ್ಥಿತಿಕರಣ ಒಂದರ ಹಿಂದೆ ಒಂದು ಬರುತ್ತವೆ. ಇನ್ನೊಬ್ಬರ ದೋಷವನ್ನು ಬೀದಿಗೆ ತರದಿರುವುದು ಉಪಗೂಹನ. ಜಾರುತ್ತಿರುವವನನ್ನು ಕೈಹಿಡಿದು ಮತ್ತೆ ನಿಲ್ಲಿಸುವುದು ಸ್ಥಿತಿಕರಣ. ಇವು ಧರ್ಮಮಾರ್ಗದ ಮಾತುಗಳು, ಚಿತ್ರಕಲೆಗಾಗಿ ಹೇಳಿದ್ದಲ್ಲ. ಆದರೂ ನಡತೆಯ ಪಾಠ ಇಲ್ಲಿಗೂ ಸಲ್ಲುತ್ತದೆ. ಬರೀ ಉಪಗೂಹನ ಮಾಡಿ ಎಲ್ಲ ಚಿತ್ರಕ್ಕೂ "ಚಂದ" ಎಂದರೆ ಗೆಳತಿ ಇದ್ದಲ್ಲಿಯೇ ಉಳಿಯುತ್ತಾಳೆ. ನಾಲ್ಕು ಜನರೆದುರು ತಪ್ಪು ಎಣಿಸಿದರೆ ಕುಂಚ ಕೆಳಗಿಡುತ್ತಾಳೆ. ತಪ್ಪನ್ನು ಅವಳೊಬ್ಬಳಿಗೇ, ತಿದ್ದುವ ದಾರಿಯ ಸಮೇತ ಹೇಳಿದರೆ ಎರಡೂ ಅಂಗ ಕೂಡಿದಂತಾಯಿತು.

ಇನ್ನು ಕೇಳುವ ರೀತಿ. "ಹೇಗಿದೆ?" ಎಂದು ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರವೇ ಬರುತ್ತದೆ. "ಹಿಂದಿನ ಗುಡ್ಡ ದೂರ ಹೋಗಿದೆಯೇ, ಮುಂದಕ್ಕೆ ಬರುತ್ತಿದೆಯೇ?" ಎಂದು ಕೇಳಿ ನೋಡಿ, ನಿಜವಾದ ಉತ್ತರ ಬರುತ್ತದೆ. ಚಿತ್ರ ಮುಗಿದು ಚೌಕಟ್ಟು ಹಾಕಿದ ಮೇಲೆ ಕೇಳುವುದಕ್ಕಿಂತ ಅರ್ಧ ಆದಾಗಲೇ ಕೇಳಿರಿ. ಕೇಳಿದ ಮೇಲೆ ವಾದಕ್ಕೆ ಇಳಿಯಬೇಡಿ. "ಅದು ನಾನು ಬೇಕೆಂದೇ ಹಾಗೆ ಬರೆದೆ" ಎಂಬ ಮಾತು ನಾಲಿಗೆಯ ತುದಿಗೆ ಬಂದರೂ ತಡೆದು, ಹೇಳಿದ್ದನ್ನು ಒಂದು ವಹಿಯಲ್ಲಿ ತಾರೀಖು ಹಾಕಿ ಬರೆದಿಡಿ. ಮೂರು ತಿಂಗಳಿಗೊಮ್ಮೆ ಆ ವಹಿ ತಿರುವಿ ಹಾಕಿದರೆ ಒಂದೇ ತಪ್ಪು ಬೇರೆ ಬೇರೆಯವರ ಬಾಯಲ್ಲಿ ಎಷ್ಟು ಸಲ ಬಂದಿದೆ ಎಂದು ಖತಾವಣಿಯಂತೆ ಕಾಣುತ್ತದೆ. ಮುಂದಿನ ಚಿತ್ರದಲ್ಲಿ ಆ ಒಂದನ್ನೇ ಹಿಡಿದು ತಿದ್ದಿರಿ. ಎಲ್ಲವನ್ನೂ ಒಮ್ಮೆಗೇ ತಿದ್ದಲು ಹೋದರೆ ಯಾವುದೂ ಆಗುವುದಿಲ್ಲ.

ಹೊಸಬರಿಗೆ ಹೆಚ್ಚಾಗಿ ಬರುವ ದೂರುಗಳು ಇಂಥವು. ಗಾಢ ಮತ್ತು ತಿಳಿ ಬಣ್ಣಗಳ ಅಂತರ ಸಾಲದು, ಎಲ್ಲವೂ ನಡುವಿನ ಬಣ್ಣ. ಕಣ್ಣು ಅರೆಮುಚ್ಚಿ ನೋಡಿದರೆ, ಇಲ್ಲವೆ ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆದರೆ ಇದು ತಿಳಿಯುತ್ತದೆ. ಎಲ್ಲ ಅಂಚುಗಳೂ ಕತ್ತರಿಸಿ ಅಂಟಿಸಿದಂತೆ ಚೂಪಾಗಿವೆ. ತಿಳಿ ಮಾಡಲು ಎಲ್ಲದಕ್ಕೂ ಬಿಳಿ ಬೆರೆಸಿ ಸುಣ್ಣದಂತಾಗಿದೆ. ಉಜ್ಜಿ ಉಜ್ಜಿ ಬಣ್ಣ ಕೆಸರಾಗಿದೆ. ಮೊದಲ ದಿನದಿಂದಲೇ ಸಣ್ಣ ಕುಂಚ ಹಿಡಿದು ಮೂಗಿನ ಹೊಳ್ಳೆ ಬರೆಯಲು ಕೂತಿದ್ದಾರೆ. ಇವುಗಳ ಜೊತೆ ತಂತ್ರದ ಒಂದು ನಿಯಮವನ್ನು ಬಲ್ಲವರು ತಪ್ಪದೆ ಹೇಳುತ್ತಾರೆ. ಕೆಳಗಿನ ಲೇಪದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಇರಬೇಕು. ತಿರುವುಮುರುವಾದರೆ ಮೇಲಿನದು ಮೊದಲು ಗಟ್ಟಿಯಾಗಿ, ಕೆಳಗಿನದು ಇನ್ನೂ ಅಲುಗಾಡುತ್ತ, ಕೆಲವು ವರ್ಷಗಳಲ್ಲಿ ಚಿತ್ರ ಬಿರುಕು ಬಿಡುತ್ತದೆ.

ಜೊತೆಯವರಿಂದಲೇ ತಿಳಿಯಬೇಕಾದ ಇನ್ನೂ ಎರಡು ವಿಷಯಗಳು ನಮ್ಮ ಮನೆಗಳಿಗೆ ಬಹಳ ಮುಖ್ಯ. ಒಂದು, ಅಹಿಂಸೆಯದು. ತೈಲವರ್ಣಕ್ಕೆ ಬಳಸುವ ಒರಟು ಕುಂಚ ಹಂದಿಯ ಕೂದಲಿನದು. ಸೇಬಲ್ ಎಂಬ ಮೃದು ಕುಂಚ ಮುಂಗುಸಿಯಂತೆ ಕಾಣುವ ಒಂದು ಸಣ್ಣ ಪ್ರಾಣಿಯ ಬಾಲದ ಕೂದಲಿನದು. 'ಐವರಿ ಬ್ಲ್ಯಾಕ್' ಎಂದು ಮಾರುವ ಕಪ್ಪು ಈಗ ಸುಟ್ಟ ಎಲುಬಿನ ಪುಡಿ. ಕೊಳವೆಯ ಮೇಲೆ ಪಿಬಿಕೆ ೯ ಎಂಬ ಗುರುತಿರುತ್ತದೆ. ಹಳೆಯ ರೀತಿಯಲ್ಲಿ ಚಿತ್ರದ ಬಟ್ಟೆಗೆ ಮೊದಲು ಹಚ್ಚುವ ಅಂಟು ಮೊಲದ ಚರ್ಮದ್ದು. ಅಸಲಿ ಕಾರ್ಮೈನ್ ಕೆಂಪು ಕೀಟಗಳಿಂದ ಬರುತ್ತದೆ. ಇವೆಲ್ಲಕ್ಕೂ ಬದಲಿ ಇದೆ. ಕೃತಕ ನೂಲಿನ ಕುಂಚ ಈಗ ಒಳ್ಳೆಯದೇ ಸಿಗುತ್ತದೆ. ಕಪ್ಪಿಗೆ ಕಬ್ಬಿಣದ ಆಕ್ಸೈಡಿನ ಮಾರ್ಸ್ ಬ್ಲ್ಯಾಕ್ ಇದೆ, ದೀಪದ ಕಾಡಿಗೆಯ ಜಾತಿಯ ಲ್ಯಾಂಪ್ ಬ್ಲ್ಯಾಕ್ ಇದೆ. ಅಂಟಿನ ಬದಲು ಅಕ್ರಿಲಿಕ್ ಲೇಪದ ಬಟ್ಟೆ ಕೊಳ್ಳಬಹುದು. ಭಗವಂತನ ಚಿತ್ರ ಬರೆಯುವವರು ಮೊದಲೇ ಇದನ್ನು ವಿಚಾರಿಸಿಕೊಂಡರೆ ಮನಸ್ಸು ನಿರಾಳ.

ಎರಡನೆಯದು ಬೆಂಕಿಯದು. ಅಗಸೆ ಎಣ್ಣೆಯಲ್ಲಿ ನೆನೆದ ಚಿಂದಿಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ಒಳಗೊಳಗೇ ಕಾವೇರಿ, ಕಿಡಿ ಇಲ್ಲದೆಯೂ ಹೊತ್ತಿಕೊಳ್ಳಬಹುದು. ಮನೆಯ ಕೆಳಗೆ ಬಟ್ಟೆಯ ಅಂಗಡಿ, ಹಿಂದೆ ಗೋದಾಮು ಇರುವ ಕುಟುಂಬಗಳು ಇದನ್ನು ಮರೆಯುವಂತಿಲ್ಲ. ಚಿಂದಿಯನ್ನು ಹೊರಗೆ ಬಿಡಿಸಿ ಹರವಿ ಒಣಗಿಸಿ, ಇಲ್ಲವೆ ನೀರು ತುಂಬಿದ, ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಹಾಕಿಡಿ. ಟರ್ಪೆಂಟೈನ್ ಬಳಸುವಾಗ ಕಿಟಕಿ ತೆರೆದಿಡಿ, ಒಲೆಯಿಂದ ದೂರವಿರಿ.

"ನಮ್ಮ ಊರಿನಲ್ಲಿ ಚಿತ್ರಕಾರರು ಎಲ್ಲಿದ್ದಾರೆ?" ಎಂದು ಗಡಿಯ ಸಣ್ಣ ಊರುಗಳ ಓದುಗರು ಕೇಳಬಹುದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಮಕ್ಕಳು ಮಹಾರಾಷ್ಟ್ರ ಸರಕಾರದ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳಿಗೆ ಕೂರುತ್ತಾರೆ. ಅವರನ್ನು ತಯಾರು ಮಾಡುವ ಚಿತ್ರಕಲಾ ಶಿಕ್ಷಕರನ್ನು ಕೇಳಿದರೆ ಊರಿನಲ್ಲಿ ಕುಂಚ ಹಿಡಿಯುವವರ ಪರಿಚಯ ಸಿಗುತ್ತದೆ. ವಯನಾಡಿನಲ್ಲಿರಲಿ, ಆದೋನಿಯಲ್ಲಿರಲಿ, ಇಬ್ಬರು ಮೂವರು ಸಿಕ್ಕರೆ ಸಾಕು. ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಕೂಡಿರಿ. ಭಾಷೆ ಕನ್ನಡವೇ ಆಗಬೇಕೆಂದಿಲ್ಲ. ಬಣ್ಣದ ಮಾತು ಮರಾಠಿಯಲ್ಲಿ ಹೇಳಿದರೂ ತೆಲುಗಿನಲ್ಲಿ ಹೇಳಿದರೂ ತಿಳಿಯುತ್ತದೆ. ದೂರದೂರಿನ ಗೆಳತಿಗೆ ಮೊಬೈಲಿನಲ್ಲಿ ಫೋಟೋ ಕಳಿಸುವುದಾದರೆ ಹಗಲು ಬೆಳಕಿನ ನೆರಳಿನಲ್ಲಿ ತೆಗೆಯಿರಿ. ಟ್ಯೂಬ್‌ಲೈಟಿನಲ್ಲಿ ಬಣ್ಣ ಬದಲಾಗುವುದು ಸೀರೆ ಮಾರುವವರಿಗೆ ನಾವು ಹೇಳಬೇಕಾಗಿಲ್ಲ.

ಕೂಡಿದಾಗ ಎರಡು ಕಟ್ಟಳೆ ಇರಲಿ. ಮೊದಲು ಚಿತ್ರದಲ್ಲಿ ನಿಂತಿರುವುದು ಏನು ಎಂದು ಹೇಳಬೇಕು, ಆಮೇಲೆ ಜಾರಿದ್ದು ಏನು, ಏಕೆ ಎಂದು ಹೇಳಬೇಕು. ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಚಿತ್ರದ ಮೇಲೆ ಕುಂಚ ಇಡಬಾರದು. ಒಬ್ಬರಿಗೆ ರೇಖೆಯ ದೋಷ ಕಾಣುತ್ತದೆ, ಇನ್ನೊಬ್ಬರಿಗೆ ಬಣ್ಣದ್ದು, ಮತ್ತೊಬ್ಬರಿಗೆ ಬೆಳಕಿನದು. ಪ್ರತಿಯೊಂದೂ ಒಂದು ದೃಷ್ಟಿಯಿಂದ ನಿಜ. ಅನೇಕಾಂತವನ್ನು ಪಾಠಶಾಲೆಯಲ್ಲಿ ಕಲಿತ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲವನ್ನೂ ಕೇಳಿ, ಯಾವುದನ್ನು ಹಿಡಿಯಬೇಕು ಎಂಬ ತೀರ್ಮಾನ ಮಾತ್ರ ಬರೆಯುವವರದೇ.

ಮನೆಯ ಹಿರಿಯರಲ್ಲಿ ಒಂದು ವಿನಂತಿ. ಮಕ್ಕಳು, ಸೊಸೆಯಂದಿರು ಇಂಥ ಕೂಟಕ್ಕೆ ಹೋಗುತ್ತೇವೆ ಎಂದಾಗ ತಡೆಯಬೇಡಿ. ಬರುವ ರವಿವಾರ ನಿಮ್ಮ ಪಡಸಾಲೆಯನ್ನೇ ಎರಡು ತಾಸು ಅವರಿಗೆ ಬಿಟ್ಟುಕೊಡಿ. ಅಂಗಡಿಯ ಲೆಕ್ಕವನ್ನು ಇನ್ನೊಬ್ಬರ ಮುಂದೆ ಬಿಚ್ಚಿಡಲು ಧೈರ್ಯ ಬೇಕು ಎಂದು ನೀವೇ ಬಲ್ಲಿರಿ. ಬರೆದ ಚಿತ್ರವನ್ನು ಬಿಚ್ಚಿಡಲು ಅದಕ್ಕಿಂತ ಕಡಿಮೆ ಧೈರ್ಯ ಸಾಲದು. ಆ ಧೈರ್ಯ ಕಲಿತ ಮಗು ಮುಂದೆ ಗಾದಿಯ ಮೇಲೆ ಕೂತಾಗಲೂ ಹೇಳಿದ ಮಾತನ್ನು ಕೇಳಿಸಿಕೊಳ್ಳುತ್ತದೆ.

ಪಿಸಾರೊ ೧೯೦೩ರಲ್ಲಿ ತೀರಿಕೊಂಡ. ಅಷ್ಟರಲ್ಲಿ ಸೆಜಾನನ ಹೆಸರು ಬೆಳೆದಿತ್ತು, ಹೊಸ ತಲೆಮಾರಿನ ಚಿತ್ರಕಾರರು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ೧೯೦೬ರಲ್ಲಿ, ತಾನು ತೀರಿಹೋದ ವರ್ಷ, ತನ್ನ ಊರಾದ ಏಕ್ಸ್‌ನ ಒಂದು ಪ್ರದರ್ಶನದ ಪಟ್ಟಿಯಲ್ಲಿ ಆ ೬೭ ವರ್ಷದ ಮನುಷ್ಯ ತನ್ನ ಹೆಸರನ್ನು ಹೀಗೆ ಬರೆಸಿದ: ಪಾಲ್ ಸೆಜಾನ್, ಪಿಸಾರೊನ ಶಿಷ್ಯ.